ಡ್ರಾಯರಿನಲ್ಲಿದ್ದ ಅಜ್ಜಿ

ಮಾರ್ಚ್ 2

ತಂಗೀ,

ಈ ಕೈಬರಹ ನೋಡಿ ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸುತ್ತಿರುತ್ತೀಯ. ಹೌದು, ನಾನೇ. ಅಮ್ಮನ ಕಪಾಟಿನ ವಿಷಯಕ್ಕೆ ನಾವು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ನಿನಗೆ ಎರಡು ಕಿವಿಯೂ ಪೂರ್ತಿ ಹೋಯಿತೆಂದು ಮೊನ್ನೆ ಮಗಳು ಹೇಳಿದಳು. ಇನ್ನು ಮಾತಾಡೋಣವೆಂದರೂ ಆಗದು, ಬರೆಯುವುದೊಂದೇ ದಾರಿ. ನನಗೆ ಅದೇ ಸಲೀಸು. ಬರೆಯುವಾಗ ಮಧ್ಯೆ ಬಾಯಿ ಹಾಕುವವರು ಇರುವುದಿಲ್ಲ.

ನಾನು ಮಗಳ ಮನೆಗೆ ಬಂದು ಒಂಬತ್ತು ತಿಂಗಳಾಯಿತು. ನಾಲ್ಕನೇ ಮಹಡಿ, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಡುಗೆಮನೆ. ಅಳಿಯ ಹಡಗಿನ ಇಂಜಿನ್ ನೋಡಿಕೊಳ್ಳುವವನು, ಈ ಸಲ ವರ್ಷಪೂರ್ತಿ ನೀರಿನ ಮೇಲೆ. ಮಗಳು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ತಪಾಸಣೆಗೆ ಕೂರುತ್ತಾಳೆ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಒಂದು ವರ್ಷದ ಮಟ್ಟಿಗೆ ನನ್ನನ್ನು ಕರೆಸಿಕೊಂಡಳು. ಹೊಲಿಗೆ ಶಾಲೆಯನ್ನು ಹಿರಿಯ ಶಿಷ್ಯೆಗೆ ಒಪ್ಪಿಸಿ ಬಂದೆ. ಹದಿನೆಂಟು ಮೆಷಿನ್ನಿನ ಸದ್ದಿನಲ್ಲಿ ಮೂವತ್ತೈದು ವರ್ಷ ಕಳೆದವಳಿಗೆ ಈ ಮನೆಯ ನಿಶ್ಶಬ್ದ ಮೊದಲು ಕಿವಿಗೆ ಹೊಡೆಯುತ್ತಿತ್ತು. ಈಗ ಒಗ್ಗಿದೆ.

ಮಗುವಿಗೆ ಐದು ವರ್ಷ. ಒಗ್ಗರಣೆಗೆ ಬಿದ್ದ ಹಾಗೆ ಸಿಡಿಯುತ್ತಾಳೆ, ಅದಕ್ಕೇ ಸಾಸಿವೆ ಎಂದು ಕರೆಯುತ್ತೇನೆ. ಎದ್ದರೆ ಅಜ್ಜಿ, ಉಂಡರೆ ಅಜ್ಜಿ, ಮಲಗಿದರೆ ಅಜ್ಜಿ. ಸ್ನಾನ, ತಲೆ ಬಾಚುವುದು, ಶಾಲೆಗೆ ಬಿಡುವುದು, ಎಲ್ಲ ನಾನೇ. ಮಗಳಿಗೆ ಅವಳನ್ನು ಸಂಭಾಳಿಸಲು ಬರುವುದಿಲ್ಲ. ಎರಡು ತುತ್ತು ತಿನ್ನಿಸಲು ಗಂಟೆ ಹಿಡಿಯುತ್ತಾಳೆ. ನಾನು ಕಣ್ಣಲ್ಲಿ ನೋಡಿದರೆ ಸಾಕು, ಮಗು ತಟ್ಟೆ ಖಾಲಿ ಮಾಡುತ್ತದೆ.

ಈ ದೇಶದಲ್ಲಿ ಇರಲು ನನಗೆ ಕೊಟ್ಟ ವರ್ಷದ ಅನುಮತಿ ಮೇ ಕೊನೆಗೆ ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಅರ್ಜಿ ಹಾಕಿದ್ದೇನೆ ಎಂದು ಮಗಳು ಹೇಳಿದ್ದಾಳೆ. ಕೊಡದೆ ಏನು ಮಾಡುತ್ತಾರೆ? ಅದನ್ನು ಕೇಳಿಸಿಕೊಂಡ ಸಾಸಿವೆ, "ಅಜ್ಜೀ, ನಿನ್ನ ಆಫೀಸಿಗೆ ಹಾಕಿದ್ರೆ ನೋವಾಗುತ್ತಾ?" ಎಂದು ಕೇಳಿತು. ಅದರ ಬಾಯಲ್ಲಿ ಅರ್ಜಿಯೂ ಅಜ್ಜಿಯೇ. ತಿದ್ದಿದೆ, ತಿದ್ದಿಕೊಳ್ಳಲಿಲ್ಲ.

ಹಾಗಾಗಿ ನಾನು ಸದ್ಯಕ್ಕೆ ಊರಿಗೆ ಬರುವುದಿಲ್ಲ. ತಿಳಿಸಬೇಕೆನ್ನಿಸಿತು, ತಿಳಿಸಿದ್ದೇನೆ.

ನಿನ್ನ ಅಕ್ಕ


ಮಾರ್ಚ್ 17

ಅಕ್ಕಾ,

ಕಾಗದ ತಂದ ಅಂಚೆಯವನ ಮುಂದೆಯೇ ಕೂತು ಓದಿದೆ. ಪಾಪ, ಸಾವಿನ ಸುದ್ದಿಯೆಂದು ಹೆದರಿ ಅವನು ನೀರು ತಂದುಕೊಟ್ಟ.

ಕಿವಿ ಹೋದದ್ದು ನಿಜ. ಬಲಗಿವಿ ಮೂರು ವರ್ಷದ ಹಿಂದೆ ಹೋಯಿತು, ಎಡದ್ದು ಅದನ್ನು ಹುಡುಕಿಕೊಂಡು ಹೋಯಿತು. ನಮ್ಮ ಮೇಷ್ಟ್ರು ಈಗ ಸ್ಲೇಟು ಹಿಡಿದೇ ಸಂಸಾರ ಮಾಡುತ್ತಾರೆ. "ನಲವತ್ತು ವರ್ಷ ಪಾಠ ಹೇಳಿದೆ, ಇಷ್ಟು ಗಮನ ಕೊಟ್ಟು ಓದೋ ವಿದ್ಯಾರ್ಥಿ ಸಿಕ್ಕಿರಲಿಲ್ಲ" ಎಂದು ನಿನ್ನೆ ಬರೆದರು. "ಜಗಳ ಆಡೋಕೆ ಬಳಪ ಸಾಲಲ್ಲ" ಎಂದು ನಾನು ಕೆಳಗೆ ಬರೆದೆ.

ನೀನು ಚೆನ್ನಾಗಿದ್ದೀಯಲ್ಲ, ಸಂತೋಷ. ಮಗುವಿನ ಬಗ್ಗೆ ಇನ್ನೂ ಬರೆ. ಅದರ ಕೂದಲು ಹೇಗಿದೆ? ಅವರಮ್ಮನ ಹಾಗೆ ನೆತ್ತಿಯ ಮೇಲೆ ಸುಳಿಯಿದೆಯೆ?

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಮಗು ಎದ್ದರೆ, ಉಂಡರೆ, ಮಲಗಿದರೆ ಅಜ್ಜಿ ಎನ್ನುತ್ತದೆ ಎಂದು ಬರೆದಿದ್ದೀಯ. ಆಗ ಮಗಳು ಎಲ್ಲಿ ಕೂತಿರುತ್ತಾಳೆ?

ತಂಗಿ


ಏಪ್ರಿಲ್ 7

ತಂಗೀ,

ನಿನ್ನ ಪ್ರಶ್ನೆ ಓದಿ ಕಾಗದವನ್ನು ಮಡಚಿ ಬಿಸಾಡಿದ್ದೆ. ನೀನು ಮೊದಲಿನಿಂದಲೂ ಹೀಗೆಯೇ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿ ಸುಮ್ಮನಾಗುತ್ತೀಯ. ನಿನ್ನೆ ಎತ್ತಿಕೊಂಡು ಮತ್ತೆ ಓದಿದೆ.

ನಿನ್ನೆ ಶಾಲೆಯಿಂದ ಬರುವಾಗ ಸಾಸಿವೆ ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಅಮುಕಿ ನೋಡಿದಳು.

"ಅಜ್ಜೀ, ನೀನು ಮಡಚ್ಕೊಳ್ತೀಯಾ?"

"ನಾನೇನು ಛತ್ರಿಯೇನೇ?"

"ಮತ್ತೆ ಡ್ರಾಯರ್‌ನಲ್ಲಿ ಹೆಂಗೆ ಹಿಡಿಸ್ದೆ? ಅಮ್ಮ ಫೋನಲ್ಲಿ ಅಪ್ಪಂಗೆ ಹೇಳ್ತಿದ್ಳು, ಅಜ್ಜಿ ಹಾಕೇ ಇಲ್ಲ, ಡ್ರಾಯರ್‌ನಲ್ಲೇ ಇದೆ, ಡೇಟ್ ಮುಗ್ದೋಯ್ತು ಅಂತ."

ನಾನು ನಡುದಾರಿಯಲ್ಲಿ ನಿಂತೆ. ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸಿದ. ಮಗು ಕೈ ಎಳೆದು ನನ್ನನ್ನು ಪಕ್ಕಕ್ಕೆ ಸರಿಸಿತು.

ಮಗಳದು ಮಧ್ಯಾಹ್ನದ ಪಾಳಿ. ಮನೆಗೆ ಬಂದು ಮಗುವಿಗೆ ಹಾಲು ಕೊಟ್ಟು ಡ್ರಾಯರ್ ಎಳೆದೆ. ಹಳೆಯ ಬ್ಯಾಟರಿ, ರಬ್ಬರ್ ಬ್ಯಾಂಡು, ವಿದ್ಯುತ್ ಬಿಲ್ಲು, ಅವುಗಳ ಅಡಿಯಲ್ಲಿ ನಾನು. ನನ್ನ ಹೆಸರು, ಹುಟ್ಟಿದ ತಾರೀಖು, ಮಗಳ ಗುಂಡು ಅಕ್ಷರದಲ್ಲಿ. ಅದರ ಮುಂದೆ ಮೂರು ಪುಟ ಖಾಲಿ. ಅನುಮತಿ ಮುಗಿಯುವುದಕ್ಕೆ ಅರವತ್ತು ದಿನ ಮೊದಲು ಕೊಡಬೇಕೆಂದು ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದಾರೆ. ಅಷ್ಟು ಓದುವಷ್ಟು ಇಂಗ್ಲಿಷ್ ಹೈಸ್ಕೂಲಿನಲ್ಲಿ ನನಗೂ ಕಲಿಸಿದ್ದಾರೆ. ದಿನ ದಾಟಿ ವಾರವಾಗಿದೆ.

ಮರೆತಳೆಂದುಕೊಳ್ಳಬಹುದಿತ್ತು. ಮರೆಯುವವಳಲ್ಲ, ಕೂದಲೆಳೆಯಷ್ಟು ಗೀರಿದ್ದರೂ ಗಾಜನ್ನು ಪಕ್ಕಕ್ಕಿಡುವವಳು. ಮರೆತಿದ್ದರೆ ಹಾಕಿದ್ದೇನೆ ಎನ್ನುತ್ತಿರಲಿಲ್ಲ.

ಯಾಕೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಅರ್ಜಿಯ ಕಾಗದ ಮನೆಗೆ ಬಂದ ವಾರ, ಕೆಳಗಿನ ಆಟದ ಜಾಗದಲ್ಲಿ ಮಗು ಜಾರುಬಂಡೆಯಿಂದ ಬಿದ್ದು ಗದ್ದ ಒಡೆದುಕೊಂಡಿತು. ಮಗಳು ಹತ್ತಿರದಲ್ಲಿದ್ದಳು. ಮೊಣಕಾಲೂರಿ ಎರಡೂ ಕೈ ಚಾಚಿದಳು. ಮಗು ಅವಳ ಪಕ್ಕದಿಂದಲೇ ಓಡಿ, ದೂರದ ಬೆಂಚಿನ ಮೇಲಿದ್ದ ನನ್ನ ಹೊಟ್ಟೆಗೆ ಮುಖ ಒತ್ತಿತು. ಚಾಚಿದ ಕೈ ಹಾಗೇ ಇತ್ತು. ಆಗ ನಾನು ಏನಂದೆ ಗೊತ್ತೆ? "ನೋಡಿದ್ಯಾ, ಯಾರು ಬೇಕು ಅಂತ ಮಗೂಗೆ ಗೊತ್ತು" ಎಂದೆ. ಅಲ್ಲಿದ್ದ ಬೇರೆ ತಾಯಂದಿರಿಗೆ ಭಾಷೆ ಬರದಿದ್ದರೂ ಅರ್ಥವಾಗುವಷ್ಟು ಜೋರಾಗಿ ಎಂದೆ.

ಇನ್ನೊಂದು ವಿಷಯ ಬರೆಯಬೇಕು. ಬರೆಯದಿದ್ದರೆ ಮೇಲಿನದಕ್ಕೆ ಅರ್ಥವಿಲ್ಲ.

ಮೂವತ್ತೆರಡು ವರ್ಷದ ಹಿಂದೆ, ಇದೇ ಮಗಳಿಗೆ ಆರು ವರ್ಷ. ಅವರಪ್ಪ ಹೋದ ಮೇಲೆ ನಾನು ಹೊಲಿಗೆ ಶಾಲೆ ಕಟ್ಟುತ್ತಿದ್ದೆ. ನೀನು ಮನೆಯಲ್ಲಿದ್ದು ಅವಳನ್ನು ಕೂಸಿನಿಂದ ಸಾಕಿದ್ದೆ. ಒಂದು ದಿನ ಅವಳು ಮೆಷಿನ್ ಜೊತೆ ಆಡಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು. ನಾನು ಎದ್ದು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಒಳಗೆ ಓಡಿ "ಅಮ್ಮಾ" ಎಂದು ನಿನ್ನನ್ನು ತಬ್ಬಿದಳು. ಹದಿನೆಂಟು ಹುಡುಗಿಯರು ಪೆಡಲ್ ನಿಲ್ಲಿಸಿ ನನ್ನನ್ನು ನೋಡಿದರು.

ಮರುದಿನವೇ ನಿನಗೆ ಗಂಡು ನೋಡಲು ಹೊರಟೆ. ಮೂರು ವಾರದಲ್ಲಿ ಮದುವೆ. ಹೆಂಡತಿ ಸತ್ತ, ಹದಿನಾಲ್ಕು ವರ್ಷ ದೊಡ್ಡವರಾದ, ಒಂದು ದಿನದ ಪ್ರಯಾಣದಷ್ಟು ದೂರದ ಮೇಷ್ಟ್ರು. ದೂರವೇ ನನಗೆ ಬೇಕಾಗಿತ್ತು. ಅಕ್ಕ ಎಂದರೆ ಹೀಗಿರಬೇಕು, ತಂಗಿಗೆ ದಾರಿ ಮಾಡಿದಳು ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ಇಷ್ಟು ವರ್ಷ ಹೊದ್ದು ತಿರುಗಿದ್ದೇನೆ. ಯಾಕೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಪಾಟಿನ ಜಗಳ ಕಪಾಟಿನದಲ್ಲವೆಂದು ಇಬ್ಬರಿಗೂ ಗೊತ್ತು.

ಈಗ ಒಂದು ಕೇಳುತ್ತೇನೆ. ನೀನು ಹೊರಟ ದಿನ ಮಗು ಅಳಲಿಲ್ಲ. ನನ್ನ ಬೆರಳು ಹಿಡಿದುಕೊಂಡು ಬಾಗಿಲಲ್ಲಿ ನಿಂತಿತ್ತು. ಆರು ವರ್ಷ ನಿನ್ನ ಮೈಗೆ ಅಂಟಿಕೊಂಡಿದ್ದ ಮಗು. ಆ ಮೂರು ವಾರದಲ್ಲಿ ನೀನು ಏನು ಮಾಡಿದೆ? ಮೇ ಇಪ್ಪತ್ತೆಂಟರವರೆಗೆ ನನಗೆ ಏಳು ವಾರ ಚಿಲ್ಲರೆ ಇದೆ. ನಾನು ಹೋಗುವಷ್ಟರಲ್ಲಿ ಈ ಮಗು ಅದರ ತಾಯಿಯದಾಗಬೇಕು. ಮಗಳಿಗೆ ನಾನು ಡ್ರಾಯರ್ ನೋಡಿದ್ದು ಗೊತ್ತಾಗಬಾರದು.

ನಿನ್ನ ಅಕ್ಕ


ಏಪ್ರಿಲ್ 20

ಅಕ್ಕಾ,

ಮೇಷ್ಟ್ರು ಸ್ಲೇಟಿನ ಮೇಲೆ "ಯಾಕೆ ಊಟ ಮಾಡಿಲ್ಲ" ಎಂದು ಬರೆದು ಮುಂದೆ ಇಟ್ಟಿದ್ದಾರೆ. ಅಳಿಸಿ ಸ್ಲೇಟನ್ನು ಪಕ್ಕಕ್ಕಿಟ್ಟೆ. ಮೊದಲು ನಿನಗೆ ಬರೆದು ಮುಗಿಸುತ್ತೇನೆ.

ನನಗೆ ಅವತ್ತೇ ಗೊತ್ತಿತ್ತು. ಹೋಗುವುದಿಲ್ಲ ಎಂದು ಹಟ ಮಾಡಬಹುದಿತ್ತು. ಮಾಡಿದ್ದರೆ ಮಗು ನಮ್ಮಿಬ್ಬರ ನಡುವೆ ಹರಿದುಹೋಗುತ್ತಿತ್ತು. ನೀನು ಬಿಡುವವಳಲ್ಲ, ಆದ್ದರಿಂದ ನಾನು ಬಿಟ್ಟೆ.

ಏನು ಮಾಡಿದೆ ಎಂದು ಕೇಳಿದ್ದೀಯ. ಅವಳು ದಿನವೂ ಬೆಳಿಗ್ಗೆ ಬಾಚಣಿಗೆ ತಂದು ನನ್ನ ಮಡಿಲಲ್ಲಿ ಇಟ್ಟು ಬೆನ್ನು ಕೊಟ್ಟು ಕೂರುತ್ತಿದ್ದಳು. ಮದುವೆ ಗೊತ್ತಾದ ಮರುದಿನ "ನಿಮ್ಮಮ್ಮನ ಹತ್ರ ಹೋಗು" ಎಂದೆ. ಆಟವೆಂದುಕೊಂಡು ನಕ್ಕಳು. ಮೂರನೇ ದಿನ ಕೈ ತಳ್ಳಿದೆ. ಐದನೇ ದಿನ ಬಾಚಣಿಗೆ ಕಿತ್ತು ಎಸೆದೆ, ಅದರ ಎರಡು ಹಲ್ಲು ಮುರಿಯಿತು. ಕರೆದರೆ ಕೇಳಿಸದವಳ ಹಾಗೆ ಕೂತೆ. ಮುಖ ಗಂಟು ಹಾಕಿದೆ, ಬೈದೆ, ಹತ್ತಿರ ಮಲಗಲು ಬಂದರೆ ಗೋಡೆಯ ಕಡೆ ತಿರುಗಿದೆ. ಹದಿನಾರನೇ ದಿನ ಬಾಚಣಿಗೆ ಹಿಡಿದು ನನ್ನ ಮುಂದೆಯೇ ಹಾದು ನಿನ್ನ ಹತ್ತಿರ ಹೋದಳು. ನೀನು "ಬಾ" ಎಂದೆ. ನಿನಗೆ ಜಡೆ ಹಾಕಲು ಎಲ್ಲಿ ಬರುತ್ತಿತ್ತು? ಸೊಟ್ಟ ಬೈತಲೆ ತೆಗೆದೆ. ಎದ್ದು ಸರಿ ಮಾಡಬೇಕೆಂದು ನನ್ನ ಕೈ ತುರಿಸಿತು. ಕೂತೇ ಇದ್ದೆ.

ಅದಕ್ಕೇ ಅಳಲಿಲ್ಲ.

ಮೇಷ್ಟ್ರ ಇಬ್ಬರು ಗಂಡುಮಕ್ಕಳು ನಾನು ಬರುವ ಹೊತ್ತಿಗೆ ಮೀಸೆ ಬಂದವರು. ಒಳ್ಳೆಯವರೇ. ಅವರಿಗೆ ನಾನು ಈಗಲೂ "ಅವರು". ನನಗೆ ಮಕ್ಕಳಾಗಲಿಲ್ಲ. ಮೇಷ್ಟ್ರು ಚಿನ್ನದಂಥ ಮನುಷ್ಯ, ಆದರೆ ಅದು ನಿನಗೆ ಗೊತ್ತಿದ್ದು ಕೊಟ್ಟದ್ದಲ್ಲ ಅಕ್ಕಾ. ಕುರುಡು ಕೈಗೆ ಸಿಕ್ಕಿದ ಒಳ್ಳೆ ಹಣ್ಣು. ಇಷ್ಟು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನೀನು ಕೇಳಿದ್ದಕ್ಕೆ ಹೇಳಿದ್ದೇನೆ. ಹಾಗೆ ಮಾಡು ಎಂದು ಹೇಳುತ್ತಿಲ್ಲ.

ತಂಗಿ


ಮೇ 4

ತಂಗೀ,

ನಿನ್ನ ಕಾಗದ ಎರಡು ಸಲ ಓದಿದೆ. ಇಲ್ಲಿ ನಾನು ಶುರು ಮಾಡಿದ ಕೆಲಸ ಹೇಳುತ್ತೇನೆ.

ಮೊದಲು ಸ್ನಾನ ಬಿಟ್ಟೆ. ಸೊಂಟ ನೋವು, ಬಗ್ಗಲಾಗುವುದಿಲ್ಲ ಎಂದೆ. ಮಗಳು ಮಾಡಿಸಿದಳು. ಕಣ್ಣಿಗೆ ಸೋಪು ಹೋಗಿ ಮಗು ಕಿರುಚಿತು. ನಾನು ಬಚ್ಚಲಿನ ಬಾಗಿಲ ಹೊರಗೆ ಕೈ ಕಟ್ಟಿ ನಿಂತಿದ್ದೆ. ಮೂರನೇ ದಿನಕ್ಕೆ ಒಳಗಿಂದ ನಗು ಕೇಳಿಸಿತು. ಆಮೇಲೆ ಊಟ. ಆಮೇಲೆ, ಬೆಳಗಿನ ಪಾಳಿಯಿಲ್ಲದ ವಾರ ಶಾಲೆಗೆ ಬಿಡುವುದು. ಇಷ್ಟು ಸುಲಭವಾಗಿ ಆಯಿತು. ಆದರೆ ಮಗು ಮಾತ್ರ ಅಜ್ಜಿಯ ಹಾಸಿಗೆಯೇ ಬೇಕೆಂದು ದಿಂಬು ಹೊತ್ತು ಬರುತ್ತಿತ್ತು. ಮುದ್ದಾಗಿ ಹೇಳಿದರೆ ಹೋಗುವ ಜಾತಿಯಲ್ಲ, ನನ್ನ ರಕ್ತ. ಆಗ ನಿನ್ನ ಔಷಧ ತೆಗೆದೆ.

"ನಿನ್ನ ಕಾಲು ನನ್ನ ಹೊಟ್ಟೆಗೆ ಒದೆಯುತ್ತೆ. ನಂಗೆ ನಿದ್ದೆ ಬೇಕು. ಹೋಗು ಆಚೆ."

"ಒದೆಯಲ್ಲ ಅಜ್ಜಿ. ಕಾಲು ಕಟ್ಕೊಂಡು ಮಲಗ್ತೀನಿ."

ಕಟ್ಟಿಕೊಂಡೇ ಬಂದಿತ್ತು, ತಂಗಿ. ತನ್ನ ಎರಡೂ ಪಾದಕ್ಕೆ ಒಂದೇ ಕಾಲುಚೀಲ ಎಳೆದುಕೊಂಡು ಕುಪ್ಪಳಿಸಿಕೊಂಡು ಬಂದಿತ್ತು. ನಾನು ಬಾಗಿಲು ಹಾಕಿದೆ.

ಮಗಳು ಮಾರನೆಯ ದಿನ ಕೇಳಿದಳು. "ಯಾಕಮ್ಮಾ ಮಗು ಮೇಲೆ ಹೀಗೆ ಸಿಡುಕ್ತೀಯ? ಅವಳೇನು ಮಾಡಿದ್ಳು?"

"ನಂಗೆ ವಯಸ್ಸಾಯ್ತು. ನಿನ್ನ ಮಗಳ ಕಾಟ ತಡೆಯೋಕಾಗಲ್ಲ."

ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ಆರು ವರ್ಷದವಳಿದ್ದಾಗಿನಿಂದ ಹಾಗೆಯೇ ನೋಡುತ್ತಾಳೆ. ಇವಳು ಇಷ್ಟೇ, ಎನ್ನುವ ಹಾಗೆ.

ಮೊನ್ನೆ ಪಾತ್ರೆ ಒರೆಸುತ್ತಾ, ನನ್ನ ಕಡೆ ತಿರುಗದೆ, "ಅಮ್ಮಾ, ಆಫೀಸಿಂದ ಕಾಗದ ಬಂತು. ಅರ್ಜಿ ಒಪ್ಪಲಿಲ್ವಂತೆ" ಎಂದಳು. ಸುಳ್ಳು ಹೇಳಿದರೆ ಅವಳ ಕಿವಿಯ ತುದಿ ಕೆಂಪಾಗುತ್ತದೆ. ಚಿಕ್ಕವಳಿದ್ದಾಗ ನೀನೇ ತೋರಿಸಿಕೊಟ್ಟಿದ್ದೆ. ಕಾಗದ ತೋರಿಸು ಎಂದು ನಾನು ಕೇಳಲಿಲ್ಲ.

"ಸರಿ. ಟಿಕೆಟ್ ತೆಗೆಸು. ಕಿಟಕಿ ಪಕ್ಕದ್ದು."

ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

ನಿನ್ನ ಅಕ್ಕ


ಮೇ 25

ತಂಗೀ,

ನಾಡಿದ್ದು ಬಿಟ್ಟರೆ ಆಚೆ ನಾಡಿದ್ದು ಹೊರಡುತ್ತೇನೆ.

ಬಂದು ವರ್ಷವಾಯಿತು, ಈ ಊರನ್ನು ನೋಡಿದ್ದು ಈ ಮೂರು ವಾರದಲ್ಲಿ. ಮಗಳು ರಜೆಯ ಮೇಲೆ ರಜೆ ಹಾಕಿದಳು. ಕೆರೆಯಲ್ಲಿ ದೋಣಿ ಹತ್ತಿಸಿದಳು. ನೂರಾರು ಮೆಟ್ಟಿಲ ಗೋಪುರ, ಹೂವಿನ ತೋಟ, ಹಳೆಯ ನಾಣ್ಯ ಇಟ್ಟಿರುವ ಕಟ್ಟಡ, ಒಂದನ್ನೂ ಬಿಡಲಿಲ್ಲ. "ಅಮ್ಮ, ಇದು ನೋಡದೆ ಹೋದ್ರೆ ಹೆಂಗೆ", "ಅಮ್ಮ, ಇಲ್ಲಿ ನಿಂತ್ಕೋ, ಫೋಟೋ". ನನಗೊಂದು ಉಣ್ಣೆಯ ಕೋಟು ತಂದಳು, ಊರಿನಲ್ಲಿ ಅದನ್ನು ಹಾಕಿಕೊಂಡರೆ ಬೆಂದುಹೋಗುತ್ತೇನೆ. ಅಳತೆ ಭುಜದಲ್ಲಿ ಒಂದು ಬೆರಳು ಜಾಸ್ತಿ. ಹೇಳಲಿಲ್ಲ. ತಪ್ಪಿತಸ್ಥರು ಉಪಚಾರ ಜಾಸ್ತಿ ಮಾಡುತ್ತಾರೆ. ನಾನೂ ನಿನ್ನ ಮದುವೆಗೆ ಹನ್ನೆರಡು ಜೊತೆ ಬಟ್ಟೆ ಹೊಲಿದಿದ್ದೆ, ನೆನಪಿದೆಯೆ?

ಎಲ್ಲ ಫೋಟೋದಲ್ಲೂ ಮಗು ತಾಯಿಯ ಆಚೆ ಬದಿಗೆ ನಿಂತಿದೆ.

ನಿನ್ನೆ ಸಾಸಿವೆಯ ಮೊದಲ ಹಲ್ಲು ಬಿತ್ತು. ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಬಾಯಿ ತುಂಬ ರಕ್ತ, ಅಂಗೈಯಲ್ಲಿ ಹಲ್ಲು, ಓಡಿ ಬಂದಳು. ನನ್ನನ್ನು ನೋಡಿ ನಿಂತಳು. ಒಂದು ಕ್ಷಣ, ಅಷ್ಟೇ. ನಾನು ತಲೆ ತಗ್ಗಿಸಿ ಟವೆಲಿನ ಅಂಚು ಸರಿಮಾಡಿದೆ. ಅವಳು ತಿರುಗಿ "ಅಮ್ಮಾ" ಎಂದು ಅಡುಗೆಮನೆಗೆ ಓಡಿದಳು. ಒಳಗೆ ಮಗಳು ನಗುವುದು, ಸಮಾಧಾನ ಮಾಡುವುದು, ನಲ್ಲಿ ಬಿಟ್ಟು ಬಾಯಿ ತೊಳೆಸುವುದು ಎಲ್ಲ ಕೇಳಿಸಿತು. ಮಗಳ ದನಿ ಅಷ್ಟು ಹಗುರವಾಗಿದ್ದನ್ನು ನಾನು ಈ ವರ್ಷದಲ್ಲಿ ಕೇಳಿರಲಿಲ್ಲ.

ಆಗಬೇಕಾದದ್ದು ಆಯಿತು. ಏಳು ವಾರ ಬೇಕಾಗಲಿಲ್ಲ. ಹಲ್ಲನ್ನು ನನಗೆ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚಿದೆ.

ನೇರವಾಗಿ ನಿನ್ನ ಮನೆಗೆ ಬರುತ್ತಿದ್ದೇನೆ. ಬರಲೇ ಎಂದು ಕೇಳುವುದು ನನಗೆ ಬರುವುದಿಲ್ಲ. ಬೇಡವೆಂದು ಬರೆಯಲೂ ಹೋಗಬೇಡ, ಈ ಕಾಗದ ನಿನಗೆ ಸಿಗುವ ಮೊದಲೇ ನಾನು ಬಾಗಿಲಲ್ಲಿರುತ್ತೇನೆ. ಮೇಷ್ಟ್ರಿಗೆ ಇನ್ನೊಂದು ಸ್ಲೇಟು ತರಲು ಹೇಳು.

ನಿನ್ನ ಅಕ್ಕ


ಜೂನ್ 8

ಚಿಕ್ಕಮ್ಮನಿಗೆ ನಮಸ್ಕಾರ,

ನಾನು ನಿಮಗೆ ಕಾಗದ ಬರೆದವಳೇ ಅಲ್ಲ. ಫೋನಿನಲ್ಲಿ ಚಿಕ್ಕಪ್ಪನ ಹತ್ತಿರ ನಿಮ್ಮ ಆರೋಗ್ಯ ವಿಚಾರಿಸಿ ಇಟ್ಟುಬಿಡುತ್ತೇನೆ. ಈ ಸಲ ಬೇರೆ ಯಾರಿಗೂ ಹೇಳಲಾಗದ್ದು ಒಂದಿದೆ. ಅಮ್ಮ ನಿಮ್ಮ ಮನೆಯಲ್ಲಿದ್ದಾಳೆಂದು ಗೊತ್ತು. ದಯವಿಟ್ಟು ಅವಳಿಗೆ ಹೇಳಬೇಡಿ.

ಅಮ್ಮನ ಅರ್ಜಿಯನ್ನು ನಾನು ಹಾಕಲೇ ಇಲ್ಲ. ಹಾಕಿದೆ ಎಂದು ಸುಳ್ಳು ಹೇಳಿದೆ, ಆಮೇಲೆ ಒಪ್ಪಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ನನ್ನ ಮಗಳು ನನ್ನ ಮನೆಯಲ್ಲೇ ನನ್ನನ್ನು ನೆಂಟರ ಹಾಗೆ ನೋಡತೊಡಗಿದ್ದಳು. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಿಮಗೆ ಗೊತ್ತಲ್ಲ, ಅವಳಿಗೆ ಯಾರು ತಾನೇ ಏನು ಹೇಳಿದ್ದಾರೆ?

ಕೊನೆಯ ತಿಂಗಳು ಅಮ್ಮ ಮಗುವಿನ ಮೇಲೆ ವಿನಾಕಾರಣ ರೇಗಿದಳು. ಹತ್ತಿರ ಸೇರಿಸಲಿಲ್ಲ. ವಿಮಾನ ನಿಲ್ದಾಣದಲ್ಲಿ ಮಗುವಿನ ತಲೆ ಕೂಡ ಸವರದೆ ಒಳಗೆ ಹೋದಳು. ಮಗು ಅಳಲಿಲ್ಲ. ನನಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಮೊನ್ನೆ ಅವಳ ತಲೆ ಬಾಚುತ್ತಿದ್ದಾಗ, ತಾನಾಗಿಯೇ ಕೇಳಿದಳು. "ಅಮ್ಮ, ನಾನು ಏನು ಮಾಡ್ದೆ ಅಂತ ಅಜ್ಜಿಗೆ ನಾನಂದ್ರೆ ಬೇಜಾರಾಯ್ತು? ಒದ್ದಿದ್ದಕ್ಕಾ?"

ಬಾಚಣಿಗೆ ನನ್ನ ಕೈಯಲ್ಲಿ ನಿಂತುಹೋಯಿತು. ಇದೇ ಪ್ರಶ್ನೆಯನ್ನು ನಾನು ಮೂವತ್ತೆರಡು ವರ್ಷದಿಂದ ಇಟ್ಟುಕೊಂಡು ಕೂತಿದ್ದೇನೆ. ಅದಕ್ಕೇ ನಿಮ್ಮ ಮನೆಗೆ ಬಂದರೂ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಯಾರಾದರೂ ನನ್ನ ಜೊತೆ ಎರಡು ದಿನ ಮಾತಾಡದಿದ್ದರೆ ಈಗಲೂ ಮೊದಲು ನನ್ನ ತಪ್ಪು ಹುಡುಕುತ್ತೇನೆ. ಕೇಳಿಬಿಡುತ್ತೇನೆ. ನೀನು ಬಾಚಣಿಗೆ ಎಸೆದ ದಿನ ನಾನು ಏನು ಮಾಡಿದ್ದೆ ಚಿಕ್ಕಮ್ಮ?

ನಿನ್ನ ಮಗಳಂಥವಳು


ಜೂನ್ 22

ಮಗಳೇ,

ಅಮ್ಮನಿಗೆ ಹೇಳಬೇಡಿ ಎಂದು ಬರೆದಿದ್ದೆಯಲ್ಲ, ನಿನ್ನ ಚಿಕ್ಕಮ್ಮ ಹೇಳಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದು ನನ್ನ ಹೆಸರಿಗೆ ಬಂದಿದೆ, ಉತ್ತರ ಮಾತ್ರ ನಿಂದು" ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಎಷ್ಟು ಜೋರಾಗಿ ಅಳುತ್ತೇನೆಂದು ಅವಳಿಗೆ ಕೇಳಿಸುವುದಿಲ್ಲ. ನನಗೂ ಅವಳ ಗಂಡನಿಗೂ ಕೇಳಿಸಿತು.

ನೀನು ಏನೂ ಮಾಡಿರಲಿಲ್ಲ. ನಿನಗೆ ಸೂಜಿ ಚುಚ್ಚಿದ ದಿನ ನೀನು ನನ್ನನ್ನು ದಾಟಿ ಅವಳ ಹತ್ತಿರ ಓಡಿದೆ. ನನಗೆ ತಡೆಯಲಾಗಲಿಲ್ಲ. ಅವಳನ್ನು ಮದುವೆ ಮಾಡಿ ದೂರ ಕಳಿಸಿದವಳು ನಾನು. ಹೋಗುವ ಮೊದಲು ನಿನ್ನನ್ನು ನನ್ನ ಕೈಗೆ ಒಪ್ಪಿಸಬೇಕೆಂದು ಅವಳು ಸುಳ್ಳು ಕೋಪ ಹೊತ್ತಳು. ಬಾಚಣಿಗೆ ಎಸೆದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಆ ಬಾಚಣಿಗೆಯ ಮುರಿದ ಎರಡು ಹಲ್ಲು ಅವಳ ಟ್ರಂಕಿನಲ್ಲಿ ಇದ್ದವು ಎಂದು ನಿನ್ನೆ ಗೊತ್ತಾಯಿತು.

ಡ್ರಾಯರಿನ ಕಾಗದ ನಾನು ಏಪ್ರಿಲಿನಲ್ಲೇ ನೋಡಿದ್ದೆ. ನನ್ನನ್ನು ಕಳಿಸಬೇಕೆಂದುಕೊಂಡದ್ದು ಸರಿ. ಬಾಯಿಬಿಟ್ಟು ಹೇಳದೆ ಇದ್ದದ್ದು ತಪ್ಪು, ಆದರೆ ಅದು ಈ ಮನೆಯ ರೂಢಿ, ನನ್ನಿಂದ ಬಂದದ್ದು. ನಿನ್ನ ಮಗುವನ್ನು ನಿನಗೆ ಕೊಡಲು ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ನಿನ್ನ ಚಿಕ್ಕಮ್ಮನದನ್ನೇ ಕದ್ದೆ. ಅದು ಮಗುವಿಗೆ ಏನು ಮಾಡುತ್ತದೆ ಎಂದು ನಿನ್ನನ್ನು ನೋಡಿ ನನಗೆ ತಿಳಿಯಬೇಕಾಗಿತ್ತು. ಎದುರಿಗೇ ಇದ್ದೆ, ನೋಡಲಿಲ್ಲ. ಹೊಟ್ಟೆಗೆ ಹಾಕಿಕೊ ಎಂದು ಬರೆಯಲು ಇದುವರೆಗೆ ಮೂರು ಕಾಗದ ಹರಿದಿದ್ದೇನೆ.

ನಿನ್ನೆ ಭಾನುವಾರ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ. ಮಗುವಿಗೆ ಕೊಡು ಎಂದೆ. "ಆಟ ಆಡ್ತಿದ್ದಾಳಮ್ಮಾ, ಆಮೇಲೆ" ಎಂದೆ ನೀನು. ಹಿಂದಿನಿಂದ "ನಾನು ಬರಲ್ಲ, ಅಜ್ಜಿ ಬೈತಾಳೆ" ಎಂದದ್ದು ನನಗೆ ಕೇಳಿಸಿತು. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಹೇಳಬೇಕೆಂದಿದ್ದನ್ನು ಬಿಟ್ಟು ಫೋನ್ ಇಟ್ಟೆ. ಅದಕ್ಕೆ ಈ ಕಾಗದ.

ಇದು ತಲುಪಿದ ದಿನವೇ ಮಗುವನ್ನು ಕೂರಿಸಿಕೊಂಡು ಹೇಳು. ರಜೆ ಬರಲಿ, ದೊಡ್ಡವಳಾಗಲಿ ಎಂದು ಕಾಯಬೇಡ. ನೀನು ಒದೆಯಲೇ ಇಲ್ಲ, ಅಜ್ಜಿ ಸುಳ್ಳು ಹೇಳಿದಳು, ಅಜ್ಜಿಗೆ ಬೇರೆ ರೀತಿ ಬರುತ್ತಿರಲಿಲ್ಲ ಎಂದು ಹೇಳು. ನನ್ನ ಮರ್ಯಾದೆ ಉಳಿಸಲು ಹೋಗಬೇಡ.

ಇನ್ನು ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಬರುವುದು ಬಿಡುವುದು ಅವಳಿಗೆ ಸೇರಿದ್ದು. ಬಲವಂತ ಮಾಡಬೇಡ, ಗದರಬೇಡ. ಫೋನನ್ನು ಅವಳು ಆಡುವ ಜಾಗದಲ್ಲಿ ನೆಲದ ಮೇಲೆ ಇಟ್ಟು ನೀನು ನಿನ್ನ ಕೆಲಸ ನೋಡಿಕೊ. ಅವಳು ಮಾತಾಡದಿದ್ದರೆ ಪರವಾಗಿಲ್ಲ. ನಾನು ಕಾಯುತ್ತಾ ಕೂರುತ್ತೇನೆ.

ನಿನ್ನ ಅಮ್ಮ